ಡಿಸ್ಕ್ ಬಿಡದವನು

"ಕೈ ತೆಗಿ! ಕೇಬಲ್ ಮುಟ್ಬೇಡ ಅಂದ್ನಲ್ಲ!"

ಅಂದದ್ದಷ್ಟೇ ಅಲ್ಲ, ಕಾಂತರಾಜನ ಕೈಮೇಲೆ ಒಂದು ಏಟೂ ಕೊಟ್ಟೆ. ಅವನು ಕೈ ಹಿಂದಕ್ಕೆಳೆದುಕೊಂಡು ನನ್ನನ್ನೇ ನೋಡುತ್ತ ನಿಂತ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಕರಗಿಹೋಗುತ್ತಿದ್ದೆ.

ಅಜ್ಜಂಪುರದಲ್ಲಿ ಮಧ್ಯಾಹ್ನ ಹೋದ ಕರೆಂಟು ಬಂದಿರಲಿಲ್ಲ. ಅವನ ಸ್ಟುಡಿಯೋದ ಯುಪಿಎಸ್ ಕೀಂ ಕೀಂ ಅನ್ನಲು ಶುರುಮಾಡಿತ್ತು. ಹೊರಗೆ ಬೆಂಚಿನ ಮೇಲೆ ಷಣ್ಮುಖಪ್ಪನವರು ಕೂತಿದ್ದರು. ಅವರ ಮಗಳು ಭೂಮಿಕಾಳ ಮದುವೆಯ ಇಡೀ ವಿಡಿಯೋ ಇದ್ದದ್ದು ಈ ಒಂದೇ ಡಿಸ್ಕ್ ಪೆಟ್ಟಿಗೆಯಲ್ಲಿ. ಆ ಮದುವೆಯಲ್ಲಿ ಮೊಮ್ಮಗಳಿಗೆ ಅಕ್ಷತೆ ಹಾಕಿದ ಅಜ್ಜಿ ಈಗಿಲ್ಲ.

ಪೆಟ್ಟಿಗೆ ಮಾಡಿದ ಕಂಪನಿ ಮುಚ್ಚಿಹೋಗಿ, ಹೊಸ ಕಂಪ್ಯೂಟರು ಅದರ ಗುರುತೇ ಹಿಡಿಯುತ್ತಿರಲಿಲ್ಲ. ಗುರುತು ಹಿಡಿಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆದವಳು ನಾನು, ಯಗಟಿಯ ಕೋಮಲಾ, ಭೂಮಿಕಾಳ ಗೆಳತಿ. ಅದಕ್ಕಾಗಿ ಕಡೂರಿನಲ್ಲಿ ಬಸ್ಸು ಬದಲಿಸಿಕೊಂಡು ಬರುತ್ತಿದ್ದೆ. ಒಂದು ಡ್ರೈವರಿಗೆ ಅಷ್ಟು ಸಲ ಬರುವ ಅಗತ್ಯವಿರಲಿಲ್ಲ. ಅದು ನನಗೂ ಗೊತ್ತು, ಬಹುಶಃ ಕಂಡಕ್ಟರಿಗೂ ಗೊತ್ತು. ಕೆಟ್ಟಿದ್ದ ವಿಡಿಯೋ ಸರಿಮಾಡಿ ಅದೇ ಪೆಟ್ಟಿಗೆಗೆ ತುಂಬುವ ಕೆಲಸ ಇವತ್ತಿಗೆ ಮುಗಿಯುತ್ತದೆ. ಇವನು ಇವತ್ತೂ ಬಾಯಿ ಬಿಡದಿದ್ದರೆ ಮತ್ತೆ ಬರಲು ನನಗೆ ನೆಪವೇ ಇಲ್ಲ.

"ಏನಪ್ಪಾ, ಆಯ್ತಾ?" ಷಣ್ಮುಖಪ್ಪನವರು ಹೊರಗಿನಿಂದ ಕೂಗಿದರು.

"ಬಂದೆ ಯಜಮಾನ್ರೇ!" ಎಂದ ಕಾಂತರಾಜ ನನ್ನ ಕಡೆ ಬಗ್ಗಿದ. "ಕಿತ್ಬಿಡೋಣ ಕಣೇ. ಯುಪಿಎಸ್ ಸತ್ರೆ ಹೆಂಗೂ ಹೋಗುತ್ತೆ."

"ಕಿತ್ರೂ ಹೋಗುತ್ತೆ! ಹೊಸ್ದಾಗಿ ಯಾರೂ ಒಳಗೆ ಬರ್ದಂಗೆ ಡ್ರೈವರ್ ಬಾಗ್ಲು ಹಾಕಿದೆ. ಒಳಗಿರೋರು, ಅಂದ್ರೆ ಈಗಾಗ್ಲೇ ವಿಡಿಯೋ ತೆರ್ದಿರೋರು, ಒಬ್ಬೊಬ್ರೇ ಡಿಸ್ಕ್ ಬಿಡ್ಬೇಕು. ಕೊನೇವ್ರು ಬಿಟ್ಮೇಲೇ ಪೆಟ್ಟಿಗೆ ತನ್ನ ಮೆಮೊರೀಲಿ ಇರೋದನ್ನ ಡಿಸ್ಕಿಗೆ ಇಳ್ಸೋದು. ಆಮೇಲೆ ಡ್ರೈವರ್ ತೆಗೀಬೇಕು, ಆಮೇಲೆ ಕೇಬಲ್."

ಪರದೆಯ ಮೇಲೆ ಒಳಗಿರುವವರ ಲೆಕ್ಕ ಒಂದಕ್ಕೆ ಬಂದು ನಿಂತುಬಿಟ್ಟಿತ್ತು. ಯಾರೋ ಒಬ್ಬರು ಇನ್ನೂ ಬಿಟ್ಟಿಲ್ಲ. ಬಲವಂತವಾಗಿ ಬಿಡಿಸಿದರೆ ನನ್ನ ಡ್ರೈವರ್ ಅರ್ಧಕ್ಕೇ ಕುಸಿದುಬೀಳುವ ಭಯ.

"ಯಾರು ಹಿಡ್ಕೊಂಡಿರೋದು ಅಂತ ನೋಡ್ತೀನಿ ತಾಳು," ಎಂದು ಕೀಬೋರ್ಡಿಗೆ ಕೈಹಾಕಿದೆ.

"ನೋಡ್ಬೇಡ." ಅವನ ಕೈ ನನ್ನ ಕೈಮೇಲೆ ಬಂತು. "ನಾನೇ."

"ನೀನಾ?"

ಜೇಬಿನಿಂದ ಫೋನು ತೆಗೆದ. ಕಿವಿಯೆಲ್ಲ ಕೆಂಪಾಗಿತ್ತು. ವೈಫೈನಲ್ಲಿ ಅದೇ ಡಿಸ್ಕಿನ ವಿಡಿಯೋ ತೆರೆದು ನಿಲ್ಲಿಸಿಕೊಂಡಿದ್ದ. ಅದರಲ್ಲಿ ನಾನಿದ್ದೆ. ಊಟದ ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ತುಪ್ಪ ಸಾಲದೆಂದು ಬಡಿಸುವವರ ಜೊತೆ ಜಗಳವಾಡುತ್ತಿದ್ದೆ.

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು, ಆದರೆ ತೋರಿಸಿದ್ದು ಸಿಟ್ಟನ್ನೇ.

"ಮುಚ್ಚೋ ಅದನ್ನ!"

"ಮುಚ್ಚಿದ್ರೆ ಹೋಯ್ತು ಕಣೇ. ಒಂದು ಕಾಪೀನೂ ಇಟ್ಕೊಳಲ್ಲ ಅಂತ ಯಜಮಾನ್ರಿಗೆ ಮಾತು ಕೊಟ್ಟಿದೀನಿ. ಪೆಟ್ಟಿಗೆ ಅವ್ರ ಮನೆಗೆ, ನೀನು ಯಗಟಿಗೆ. ನನ್ಹತ್ರ ಏನಿರುತ್ತೆ? ನೀನಂದ್ರೆ ಪ್ರಾಣ ಕೋಮಲಾ. ಹೇಳೋ ಧೈರ್ಯ ಇಲ್ದೆ ನೋಡ್ಕೊಂಡು ಕೂತೆ."

ಇಷ್ಟು ದಿನ ಕಾದಿದ್ದ ಮಾತು ಬಂದದ್ದು ಇಂಥ ಹೊತ್ತಿನಲ್ಲಿ. ಯುಪಿಎಸ್ ಈಗ ಬಿಡುವಿಲ್ಲದೆ ಅರಚುತ್ತಿತ್ತು.

"ಅಜ್ಜಿ ಮತ್ತೆ ಬರಲ್ಲ ಕಣೋ," ಎಂದೆ. "ನಾನು ಬತ್ತೀನಿ."

ಅವನು ಫೋನನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಮುಚ್ಚಿದ.

ಲೆಕ್ಕ ಸೊನ್ನೆಯಾಯಿತು. ಪೆಟ್ಟಿಗೆ ಗರಗರ ಅಂದಿತು, ಅದರ ದೀಪ ಮಿನುಗಿ ಮಿನುಗಿ ಆರಿತು. ಎಲ್ಲ ಇಳಿಯಿತೆಂದು ಪರದೆ ಹೇಳಿತು. ತಕ್ಷಣ ಡ್ರೈವರ್ ತೆಗೆದೆ. ಅದು ಹೊರಬಂದ ಬೆನ್ನಿಗೇ ಯುಪಿಎಸ್ ಬಾಯಿ ಮುಚ್ಚಿತು, ಸ್ಟುಡಿಯೋ ಕತ್ತಲಾಯಿತು.

"ಈಗ ಕೀಳು," ಎಂದೆ.

ಷಣ್ಮುಖಪ್ಪನವರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಹೊರಟರು. ಅವರು ತಿರುವು ದಾಟುವವರೆಗೂ ಇಬ್ಬರೂ ಬಾಗಿಲಲ್ಲಿ ನಿಂತಿದ್ದೆವು.

"ನಿಜವಾಗ್ಲೂ ಬತ್ತೀಯಾ?" ಕಾಂತರಾಜ ಮೆಲ್ಲಗೆ ಕೇಳಿದ.

"ಬತ್ತೀನಿ. ಮೊದ್ಲು ನೀನು ಯಗಟಿಗೆ ಬಾ."

"ಒಬ್ನೇ ಬರ್ಲಾ?"

"ಅಮ್ಮನ್ನ ಕರ್ಕೊಂಡ್ ಬಾ."