ಮೂರು ಸಲ ವಿಂಗಡಿಸಿದ ಉಗ್ರಾಣ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಬೆಳ್ಳಿಕೋಟೆಯೆಂಬ ರಾಜ್ಯದಲ್ಲಿ ಚೆನ್ನಾಜಿಯೆಂಬ ರಾಜಕುಮಾರಿಯಿದ್ದಳು. ಅರಮನೆಯ ಉಗ್ರಾಣ ಅವಳ ವಶದಲ್ಲಿತ್ತು. ಊರಿನ ಊಟ, ಬಟ್ಟೆ, ಮದ್ದು ಎಲ್ಲವೂ ಅಲ್ಲಿಂದಲೇ ಹೋಗುತ್ತಿದ್ದವು.

ಧೂಮಾಕ್ಷನೆಂಬ ಮಾಂತ್ರಿಕ ಬಂದು ರಾಜ್ಯವನ್ನು ಕೇಳಿದ. ರಾಜ ಕೊಡಲಿಲ್ಲ. ಮಾಂತ್ರಿಕ ಹೊಗೆಯಾಗಿ ಉಗ್ರಾಣದೊಳಗೆ ಸೇರಿಕೊಂಡು, ಎಮ್ಮೆ ಗಾತ್ರದ ಹೆಗ್ಗಣವೊಂದನ್ನು ಬಿಟ್ಟ. ಕಾವಲಿಲ್ಲದ ಸಾಮಾನನ್ನೆಲ್ಲ ಅದು ತಿನ್ನುತ್ತಿತ್ತು. ಸಾಮಾನು ರಾಶಿರಾಶಿ, ಕಾವಲುಗಾರರು ಬೆರಳೆಣಿಕೆಯಷ್ಟು.

ಚೆನ್ನಾಜಿ ಬೆಲೆ ನೋಡಿ ವಿಂಗಡಿಸಿದಳು. ಮುತ್ತು, ಕೇಸರಿ, ರೇಷ್ಮೆ ಒಂದು ಮೂಲೆಯಲ್ಲಿ ಹಿಡಿಸಿದವು. ಸಂಪತ್ತಿನ ಮುಕ್ಕಾಲು ಪಾಲು ಅಷ್ಟರಲ್ಲೇ ಇತ್ತು. ಕಾವಲನ್ನು ಅಲ್ಲಿ ನಿಲ್ಲಿಸಿದಳು. ನಡುವಿನ ಬೆಲೆಯ ಸಾಮಾನಿಗೆ ಒಬ್ಬ ಸುತ್ತು ಹಾಕುತ್ತಿದ್ದ. ಹಗ್ಗ, ಗೋಣಿ, ಬೇರುಗಳನ್ನು ಹಾಗೇ ಬಿಟ್ಟಳು. ಹೆಗ್ಗಣ ಅವನ್ನು ತಿಂದು ಹೊಟ್ಟೆ ಭಾರವಾಗಿ ಮಲಗಿತು.

ಮಾಂತ್ರಿಕ ಬಾವಲಿಯೊಂದನ್ನು ಬಿಟ್ಟ. ಅದರ ಉಸಿರು ತಾಕಿದವರಿಗೆ ಚಳಿಜ್ವರ. ರಾಜನೇ ಹಾಸಿಗೆ ಹಿಡಿದ.

"ಕಹಿಬೇರು ಬೇಕು, ಅಮ್ಮಣ್ಣಿ" ಎಂದ ವೈದ್ಯ ಗುರುಶಾಂತಪ್ಪ.

"ಅದಕ್ಕೇನು ಬೆಲೆ?"

"ಬೆಲೆಯೇನೂ ಇಲ್ಲ. ಆದರೆ ಅದಿಲ್ಲದೆ ಅಪ್ಪಾಜಿ ಉಳಿಯುವುದಿಲ್ಲ."

ಬೇರು ಹೆಗ್ಗಣದ ಹೊಟ್ಟೆಯಲ್ಲಿತ್ತು. ತಪ್ಪು ತನ್ನದೆಂದು ಚೆನ್ನಾಜಿಗೆ ತಿಳಿಯಿತು. ಕತ್ತಿ ಹಿಡಿದು ಹೋಗಿ, ಮಲಗಿದ್ದ ಹೆಗ್ಗಣದ ಹೊಟ್ಟೆ ಸೀಳಿ ಬೇರು ತಂದಳು. ಕಷಾಯ ಕುಡಿದು ರಾಜ ಎದ್ದು ಕೂತ. ಕಷಾಯದ ಹಬೆ ತಾಕಿ ಬಾವಲಿ ಸತ್ತಿತು.

ಅವಳು ಮತ್ತೆ ವಿಂಗಡಿಸಿದಳು: ಇಲ್ಲದಿದ್ದರೆ ಜೀವ ಹೋಗುವಂಥದ್ದು, ಇಲ್ಲದಿದ್ದರೆ ಕಷ್ಟವಾಗುವಂಥದ್ದು, ಇದ್ದರೆ ಚೆಂದ ಎನ್ನುವಂಥದ್ದು. ಮೊದಲನೆಯದು ಎಂದೂ ಮುಗಿಯದಂತೆ ನೋಡಿಕೊಂಡಳು.

ಈಗ ಉಳಿದವನು ಮಾಂತ್ರಿಕನೊಬ್ಬನೇ. ಹೊಗೆಗೆ ಕತ್ತಿ ತಾಗಲಿಲ್ಲ. ಚೆನ್ನಾಜಿ ನಿಂತು ನೋಡಿದಳು. ದಿನವೂ ಅಕ್ಕಿ ಬೇಳೆ ಹೋಗಿಬರುವ ಬಾಗಿಲ ಬಳಿ ಹೊಗೆ ತೆಳು. ಅಪರೂಪಕ್ಕೆ ಕೈಯಾಡುವ ನಡುಭಾಗದಲ್ಲಿ ಸ್ವಲ್ಪ ದಟ್ಟ. ತಲೆಮಾರುಗಳಿಂದ ಯಾರೂ ಮುಟ್ಟದ ಹಿಂಗೋಡೆಯ ಬಳಿ ಕಣ್ಣೇ ಕಾಣದಷ್ಟು. ಬಳಕೆಯಿಲ್ಲದ ಸಾಮಾನೇ ಅವನ ನೆಲೆಯೆಂದು ತಿಳಿದು, ಈ ಸಲ ಬಳಕೆ ನೋಡಿ ವಿಂಗಡಿಸಿದಳು.

"ಆ ಹಿಂಗೋಡೆಯ ಬಳಿಯದನ್ನೆಲ್ಲ ಹೊರಗೆ ಹಾಕಿ" ಎಂದಳು ಕಾವಲಿನವರಿಗೆ.

"ನಿನ್ನ ಮುತ್ತಜ್ಜ ಕೂಡಿಟ್ಟದ್ದು ಮಗಳೇ" ಎಂದಿತು ಹೊಗೆ, ಮೆತ್ತಗೆ. "ಮುಂದೆ ಬೇಕಾದೀತು, ಇರಲಿ ಬಿಡು."

"ಯಾರಿಗೆ ಬೇಕಾದೀತು?"

ಕಾವಲಿನವರು ಸಾಮಾನು ಹೊರತರತೊಡಗಿದರು.

ತುಕ್ಕು ಹಿಡಿದ ಗುರಾಣಿಗಳು ಕಮ್ಮಾರನ ಕುಲುಮೆಗೆ ಹೋದವು. ಹಳೆಯ ಕಂಬಳಿಗಳು ಕುರಿಗಾಹಿಗಳಿಗೆ ಹೋದವು. ಒಂದೊಂದು ಹೋದಂತೆಯೂ ಮಾಂತ್ರಿಕ ಸಣ್ಣವನಾದ. ಕೊನೆಯ ತಾಮ್ರದ ಹಂಡೆ ಎತ್ತಿದಾಗ ನೆಲದ ಮೇಲೆ ಚಿಟಿಕೆ ಮಸಿ ಉಳಿದಿತ್ತು. ಚೆನ್ನಾಜಿ ಅದನ್ನು ಪೊರಕೆಯಿಂದ ಗುಡಿಸಿ ಹೊರಗೆ ಚೆಲ್ಲಿದಳು, ಗಾಳಿ ಒಯ್ದಿತು.

ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಅದರಲ್ಲೇ ಊರಿಗೆಲ್ಲ ಪಾಯಸ ಕಾಯಿಸಿದರು. ರಾಜ ಎರಡು ಸಲ ಹಾಕಿಸಿಕೊಂಡ. ಬೆಳ್ಳಿಕೋಟೆಯ ಜನ ಉಂಡುಟ್ಟು ಬಹುಕಾಲ ನೆಮ್ಮದಿಯಾಗಿ ಬಾಳಿದರು.