ಟವೆಲ್ಲಿನಲ್ಲಿ ಉಡಿಯಕ್ಕಿ

ಉಡಿ ತುಂಬುವುದು ಹೆಣ್ಣುಮಕ್ಕಳಿಗೆ ಮಾತ್ರ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಾನಿವತ್ತು ಹಾಯಾಗಿ ಬೆಟಗೇರಿಯ ಯಾವನೋ ಒಬ್ಬನನ್ನು ಕಟ್ಟಿಕೊಂಡು, ಮನೆ ಎಲ್ಲಿ ಅಂತ ಯಾರಾದರೂ ಕೇಳಿದರೆ ಬೆರಳು ಮಾಡಿ ತೋರಿಸುತ್ತಿದ್ದೆ.

ಬೆಟಗೇರಿಯಲ್ಲಿ ನಮ್ಮ ಚಿಗವ್ವ ತಿಪ್ಪವ್ವನದೊಂದು ಖಾನಾವಳಿ ಇದೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ, ರೊಟ್ಟಿ ಬಡಿಯಲು ಕಲಿಸಿದವಳೂ ಅವಳೇ. ಮಧ್ಯಾಹ್ನದ ಗಿರಾಕಿಗಳೆಲ್ಲ ಎದ್ದ ಮೇಲೆ ಒಬ್ಬ ನೇಪಾಳದ ಹುಡುಗ ಊಟಕ್ಕೆ ಬರುತ್ತಿದ್ದ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಗೋಬಿ ಮಂಚೂರಿ ಮಾಡುವವನು. ತಾನು ಮಾಡಿದ್ದನ್ನು ತಾನು ತಿನ್ನಲಾರದೆ ನಮ್ಮ ರೊಟ್ಟಿಗೆ ಬರುತ್ತಿದ್ದ. ಎಲ್ಲರೂ ಅವನನ್ನು ಬಹಾದ್ದೂರ ಅನ್ನುತ್ತಿದ್ದರು. ನಮ್ಮ ಕಡೆ ನೇಪಾಳದಿಂದ ಬಂದವರೆಲ್ಲ ಬಹಾದ್ದೂರರೇ.

ಒಂದು ದಿನ ಚಿಗವ್ವನ ಮಗಳು ಲಕ್ಷ್ಮೇಶ್ವರಕ್ಕೆ, ಗಂಡನ ಮನೆಗೆ ಹೊರಟಿದ್ದಳು. ಚಿಗವ್ವ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು ಹಾಕುತ್ತಿದ್ದಳು. ಅದೇ ಹೊತ್ತಿಗೆ ಬಹಾದ್ದೂರನೂ ಊರಿಗೆ ಹೋಗಿಬರುತ್ತೇನೆಂದು ಹೇಳಲು ಬಂದ. ನಿಂತು ನೋಡಿದ. ಈ ಮನೆಯಿಂದ ಹೊರಡುವವರಿಗೆಲ್ಲ ಹೀಗೆ ಕೊಡುತ್ತಾರೆ ಅಂದುಕೊಂಡನೋ ಏನೋ, ಹೆಗಲ ಮೇಲಿನ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಚಿಗವ್ವನ ಮುಂದೆ ಒಡ್ಡಿದ.

ಖಾನಾವಳಿ ತುಂಬ ನಗು. ಒಲೆ ಮುಂದೆ ಕುಳಿತಿದ್ದ, ಖಾನಾವಳಿಯ ಕೆಲಸದ ಮೋತಿಬಿಯಂತೂ ರೊಟ್ಟಿ ಸುಡುವುದನ್ನೇ ಮರೆತಳು.

"ಯವ್ವಾ, ಬಹಾದ್ದೂರಗ ಎಷ್ಟು ತಿಂಗಳಾತಂತ ಕೇಳ್ರಿ!"

ಅವನಿಗೆ ಅರ್ಥವಾಗಲಿಲ್ಲ. ಆದರೆ ತಾನೇನೋ ತಪ್ಪು ಮಾಡಿದೆ ಎಂದು ಗೊತ್ತಾಯಿತು. ಟವೆಲ್ಲನ್ನು ಮಡಚಲೂ ಆಗದೆ, ಹಿಡಿಯಲೂ ಆಗದೆ ನಿಂತ. ಅವನ ಕಿವಿ ಕೆಂಪಾಗಿದ್ದವು. ನನಗೆ ಮಾತ್ರ ನಗು ಬರಲಿಲ್ಲ. ಹೋಗಿ ಅಕ್ಕಿಯ ಬೋಗುಣಿ ಎತ್ತಿಕೊಂಡು ಅವನ ಟವೆಲ್ಲಿಗೆ ಹಿಡಿ ಹಿಡಿ ಹಾಕಿದೆ.

"ನಿನ್ನ ಖರೆ ಹೆಸರೇನು?"

ಅವನು ತಲೆ ಎತ್ತಿದ. ಆ ನೋಟ ನನಗೆ ಇವತ್ತಿಗೂ ನೆನಪಿದೆ. ಊರಲ್ಲಿ ಇಷ್ಟು ವರ್ಷ ಇದ್ದರೂ ಅದನ್ನು ಯಾರೂ ಕೇಳಿರಲಿಲ್ಲ.

"ಖಗೇಂದ್ರ" ಅಂದ. ಟವೆಲ್ಲನ್ನು ಗಂಟು ಕಟ್ಟಿ ಎದೆಗೆ ಹಿಡಿದುಕೊಂಡು ಹೋಗಿಯೇಬಿಟ್ಟ.

"ಅಯ್ಯ, ಎಲ್ಲಾ ಒಯ್ದನಲ್ಲವಾ!" ಎಂದು ಚಿಗವ್ವ ಬಾಗಿಲಿಗೆ ಓಡಿದಳು. ಉಡಿ ತುಂಬಿಸಿಕೊಂಡವರು ಒಂದು ಹಿಡಿ ಅಕ್ಕಿಯನ್ನು ತಿರುಗಿ ಮನೆಗೆ ಬಿಟ್ಟು ಹೋಗಬೇಕು, ತವರು ಬರಿದಾಗಬಾರದು. ಅದು ಪದ್ಧತಿ. ಅವನಿಗೆ ಅದೂ ಗೊತ್ತಿರಲಿಲ್ಲ.

ಊರಿನಿಂದ ತಿರುಗಿ ಬಂದ ಮೇಲೆ ಅವನ ಊಟ ನಿಧಾನವಾಯಿತು. ನಾನು ಬಿಸಿ ರೊಟ್ಟಿ ಹಾಕಲು ಬಗ್ಗಿದಾಗ ತಾಟನ್ನೇ ನೋಡುತ್ತಿದ್ದ, ನಾನು ಬೆನ್ನು ತಿರುಗಿಸಿದರೆ ನನ್ನ ಜಡೆಯನ್ನು. ಎದುರಿನ ಸ್ಟೀಲ್ ಕಪಾಟಿನಲ್ಲಿ ಅದೆಲ್ಲ ಚೆನ್ನಾಗಿ ಕಾಣಿಸುತ್ತದೆ ಎಂದು ನಾನು ಹೇಳಲಿಲ್ಲ.

"ಇನ್ನೊಂದು ಹಾಕ್ಲಿ?"

"ಹೊಟ್ಟಿ ತುಂಬೈತಿ."

"ಮತ್ತ ಯಾಕ ಕುಂತಿ?"

"ನೀ ಕೇಳಲಿ ಅಂತ."

ಲಕ್ಷ್ಮೇಶ್ವರದ ಗುಡಿಯಲ್ಲಿ ನಮ್ಮ ಮದುವೆ ಆಯಿತು. ಚಿಗವ್ವ ಅತ್ತು, ಬೈದು, ಕೊನೆಗೆ ತಾನೇ ಅಕ್ಷತೆ ಹಾಕಿದಳು. "ಅಕ್ಕಿ ಎಲ್ಲಾ ಒಯ್ದಾಗನ ನನಗ ಗೊತ್ತಾಗಿತ್ತು, ಇಂವ ಮನಿ ಹುಡುಗೀನ್ನೂ ಒಯ್ತಾನಂತ" ಎಂದು ಬಂದವರಿಗೆಲ್ಲ ಹೇಳಿದಳು.

ಒಯ್ಯಲಿಲ್ಲ. ಒಯ್ಯುವ ಮನಸ್ಸಿತ್ತು, ಅದು ನನಗೆ ಗೊತ್ತು. ಮದುವೆಯಾದ ವರ್ಷ ನೇಪಾಳದ ಸ್ಯಾಂಗ್ಜಾ ಜಿಲ್ಲೆಯ ಅವನ ಹಳ್ಳಿಗೆ ಕರೆದುಕೊಂಡು ಹೋಗಿದ್ದ. ಗುಡ್ಡದ ಮಗ್ಗುಲಿಗೆ ಕಿತ್ತಳೆ ತೋಟ, ಮೇಲೆ ಹಿಮದ ಬೆಟ್ಟ. ಅಲ್ಲಿ ಅವನು ಬೇರೆಯೇ ಮನುಷ್ಯನಾದ. ಗಟ್ಟಿಯಾಗಿ ನಗುತ್ತಿದ್ದ, ದಾರಿಯಲ್ಲಿ ಎಲ್ಲರೂ ಹೆಸರು ಹಿಡಿದು ಕೂಗುತ್ತಿದ್ದರು. ನನ್ನ ಅತ್ತೆ ನನ್ನ ಕೈ ಹಿಡಿದುಕೊಂಡು ಏನೇನೋ ಹೇಳುತ್ತಿದ್ದಳು, ನಾನೂ ಏನೇನೋ ಹೇಳುತ್ತಿದ್ದೆ, ಇಬ್ಬರೂ ತಲೆಯಾಡಿಸುತ್ತಿದ್ದೆವು. ಅತ್ತೆ ಬಂಗಾರದಂಥವಳು. ಆದರೆ ಒಂದು ವಾರದಲ್ಲಿ ನನ್ನ ಮಾತು ನನಗೇ ಕೇಳದ ಹಾಗಾಯಿತು. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎಮ್ಮೆಯ ಕೊರಳು ತುರಿಸುತ್ತ, "ಏನವಾ, ಉಂಡಿ? ಇಲ್ಲಿ ಥಂಡಿ ಭಾಳ ಐತಲ್ಲ?" ಎಂದು ಮಾತಾಡಿಸುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಖಗೇಂದ್ರ ನಿಂತಿದ್ದ.

ಆ ವಾರವೇ ಬೆಟಗೇರಿಗೆ ವಾಪಸ್ ಬಂದೆವು. ಮುಂದೆ ಅವನು ಮನೆಯಲ್ಲಿ ನೇಪಾಳದ ಹೆಸರೇ ಎತ್ತಲಿಲ್ಲ. ಸ್ವಂತ ಗೋಬಿ ಗಾಡಿ ಹಾಕಿದ. ಗಾಡಿಯ ಮೇಲೆ ಪೇಂಟರ್ ತಾನಾಗಿಯೇ 'ಬಹಾದ್ದೂರ ಚೈನೀಸ್' ಎಂದು ಬರೆದ. ಇವನು ಇರಲಿ ಬಿಡು ಅಂದ.

ಗಂಡ ಪಕ್ಕದಲ್ಲೇ ಇದ್ದೂ ಒಬ್ಬಳೇ ಇರುವುದು ಹೇಗೆ ಎಂದು ಆಗ ಕಲಿತೆ. ಅವನು ನಗುತ್ತಿದ್ದ, ಚೇಷ್ಟೆ ಮಾಡುತ್ತಿದ್ದ, ಸಂತೆಯಿಂದ ನನಗೆ ಮಲ್ಲಿಗೆ ತರುತ್ತಿದ್ದ. ಆದರೆ ಸಂಜೆ ಗಾಡಿ ತೆಗೆಯುವ ಮೊದಲು ಮಾಳಿಗೆ ಹತ್ತಿ ನಿಂತುಬಿಡುತ್ತಿದ್ದ. ದೂರದಲ್ಲಿ ಕಪ್ಪತಗುಡ್ಡ, ಅದರ ಗಾಳಿಯಂತ್ರಗಳು, ಅದರ ಮೇಲೆ ಬಿಳಿ ಮೋಡ. ಮೋಡ ದಟ್ಟವಾಗಿ ನಿಂತ ದಿನ ಗುಡ್ಡದ ಮೇಲೆ ಹಿಮ ಬಿದ್ದ ಹಾಗೆ ಕಾಣುತ್ತದೆ. ಅಂಥ ದಿನ ಅವನು ಬೇಗ ಕೆಳಗಿಳಿಯುತ್ತಿರಲಿಲ್ಲ.

"ಏನ್ ನೋಡಾಕತ್ತಿ?"

"ಬಟ್ಟಿ ಒಣಗ್ಯಾವೇನಂತ."

ಹಗ್ಗದ ಮೇಲೆ ಒಂದು ಬಟ್ಟೆಯೂ ಇರುತ್ತಿರಲಿಲ್ಲ.

ಈ ವರ್ಷ ನಾಗರ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದರು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದವನು ಖಗೇಂದ್ರ, ಎಲ್ಲರನ್ನೂ ತೂಗಿದವನೂ ಅವನೇ. ಯಾರೋ ಶೇಂಗಾ ಉಂಡಿ ತಿನ್ನುತ್ತ, "ಬಹಾದ್ದೂರ, ನಿನ್ನ ಯಾವಾಗ ಕರಿಯಾಕ ಬರ್ತಾರೋ ತವರಿಂದ?" ಎಂದು ಚೇಷ್ಟೆ ಮಾಡಿದರು. ಅವನೂ ನಕ್ಕ. ನಾನು ಒಳಗೆ ಹೋಗಿ ಸುಮ್ಮನೆ ಕೊಡ ತೊಳೆದೆ. ತೊಳೆದ ಕೊಡವನ್ನೇ ಮತ್ತೆ ತೊಳೆದೆ.

ಅದಾಗಿ ಕೆಲವು ವಾರಕ್ಕೆ ಅವನ ಅಣ್ಣನ ಫೋನ್ ಬಂತು, ಅವನು ಸ್ಪೀಕರ್ ಹಾಕಿ ಮಾತಾಡಿದ. ಅಣ್ಣ ಪೊಖರಾದಲ್ಲಿ ಹೋಟೆಲ್ ಮಾಡಲು ಹೊರಟಿದ್ದ. ತೋಟ ನೀನು ನೋಡಿಕೊಳ್ಳುತ್ತೀಯಾ, ಇಲ್ಲವಾದರೆ ಈ ಕಿತ್ತಳೆ ಸುಗ್ಗಿಗೇ ಬೇರೆಯವರಿಗೆ ಬಿಡುತ್ತೇನೆ, ಅಂದ. ನಾನು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕದ್ದು ನೇಪಾಳಿ ಕಲಿತಿದ್ದೆ, ಅದು ಖಗೇಂದ್ರನಿಗೆ ಗೊತ್ತಿರಲಿಲ್ಲ. ನನ್ನ ಎದುರೇ ಕುಳಿತು, "ಮ ಆಉಂದಿನ, ದಾಯಿ" ಅಂದ. ನಾನು ಬರುವುದಿಲ್ಲ ಅಣ್ಣ.

ಫೋನ್ ಇಟ್ಟ ಮೇಲೆ ಕೇಳಿದೆ. "ಏನಂತ?"

"ಏನಿಲ್ಲ. ಆರಾಮ ಅದಾರಂತ."

ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ. ತನ್ನ ಊರನ್ನು ನನ್ನ ಸಲುವಾಗಿ ಬಿಟ್ಟು, ಬಿಟ್ಟ ನೋವನ್ನೂ ನನಗೆ ಕೊಡದೆ ಒಬ್ಬನೇ ಇಟ್ಟುಕೊಂಡನಲ್ಲ, ಅದಕ್ಕೆ.

ಸೋಮವಾರ ಗಾಡಿ ರಜೆ. "ಕಪ್ಪತಗುಡ್ಡಕ್ಕ ಹೋಗೂಣು ನಡಿ" ಎಂದು ಬೈಕ್ ಹತ್ತಿಸಿದೆ. ಮುಂಡರಗಿ ರಸ್ತೆಯಲ್ಲಿ ಸೂರ್ಯಕಾಂತಿ ಹೊಲಗಳು. ಅವನ ಬೆನ್ನಿಗೆ ಕೆನ್ನೆ ಇಟ್ಟು ಕುಳಿತಿದ್ದೆ. ಗುಡ್ಡದ ಮೇಲೆ ಗಾಳಿ ಜೋರಾಗಿತ್ತು.

"ಇದೇನ್ ಗುಡ್ಡ! ಗುಡ್ಡದ ಮರಿ ಇದು" ಎಂದು ಎಂದಿನಂತೆ ಕೆಣಕಿದ.

"ಮತ್ತ ದಿನಾ ಸಂಜಿಕ ಮಾಳಗಿ ಹತ್ತಿ ಈ ಮರೀನ್ನ ಯಾಕ ನೋಡ್ತಿ?"

ಅವನು ಗಾಳಿಯಂತ್ರಗಳ ಕಡೆ ಮುಖ ತಿರುಗಿಸಿದ.

"ಖಗೇಂದ್ರ, ದಾಯಿ ತೋಟ ಕೊಡ್ತಾನ. ನೀ ಒಲ್ಲೆ ಅಂದಿ. ನನಗ ತಿಳೀತು."

ಅವನ ಬಾಯಿ ತೆರೆದೇ ಇತ್ತು. "ನಿನಗ ನೇಪಾಳಿ ಬರ್ತೈತಿ?"

"ಎಮ್ಮಿಗೆ ಕನ್ನಡ ಬರೂದಿಲ್ಲಲ್ಲ, ಅದಕ್ಕ ಕಲ್ತೆ."

ಅವನು ನಗಲಿಲ್ಲ. ಒಂದು ಹುಲ್ಲುಕಡ್ಡಿ ಕಿತ್ತು ಬೆರಳಿಗೆ ಸುತ್ತುತ್ತ ಕುಳಿತ.

"ನೀಲಾ, ಅವತ್ತ ನೀ ಎಮ್ಮಿ ಜೋಡಿ ಮಾತಾಡೂದು ನೋಡಿದೆ. ನನಗ ಬ್ಯಾಡ ಅದು. ಇಲ್ಲೇ ಇರೂಣು. ನನಗ ರೂಢಿ ಆಗೈತಿ."

"ಅಲ್ಲಿ ನಾ ಎಮ್ಮಿ ಜೋಡಿ, ಇಲ್ಲಿ ನೀ ಮೋಡದ ಜೋಡಿ. ಎಲ್ಲಿದ್ರೂ ಒಬ್ಬರು ಒಂಟಿ ಆಗಬೇಕು, ಅಷ್ಟ ಹೌದಲ್ಲ?"

"ಹೌದು. ಅದು ನಾ ಆಗ್ತೀನಿ."

"ಯಾಕ ನೀ? ಹೆಣ್ಣುಮಕ್ಕಳು ಊರು ಬಿಟ್ಟು ಗಂಡನ ಮನಿಗೆ ಹೋಗ್ತಾರ. ಅವರ ಹೆಸರು ಹೋಗ್ತೈತಿ, ಇಂಥವರ ಸೊಸಿ ಅಂತಾರ. ನಮ್ಮ ಮದುವ್ಯಾಗ ಅದೆಲ್ಲಾ ಆಗಿದ್ದು ಯಾರಿಗೆ? ನಿನಗ. ಇಷ್ಟು ವರ್ಷ ಬೆಟಗೇರಿಗೆ ನೀ ಸೊಸಿ ಆಗೀಯೋ, ಖಗೇಂದ್ರ. ಅದೂ ಪಂಚಮಿಗೆ ಯಾರೂ ಕರೀದ ಸೊಸಿ. ಇನ್ನ ನನ್ನ ಪಾಳಿ."

"ಅಲ್ಲಿ ನಿನಗ ಇಂಡಿಯಾದಾಕಿ ಅಂತ ಕರೀತಾರ. ನೀಲಾ ಅನ್ನೂದಿಲ್ಲ."

"ಕರೀಲಿ. ನಿನಗ ಬಹಾದ್ದೂರ ಅಂದ್ರು, ನೀ ಏನ್ ಸತ್ತಿ?"

ಅವನು ಗುಡ್ಡದ ಕೆಳಗೆ ನೋಡಿದ. "ಸ್ವಲ್ಪ ಸ್ವಲ್ಪ" ಅಂದ.

ನನಗೆ ಅಳು ತಡೆಯಲಿಲ್ಲ. ಸೆರಗು ಬಾಯಿಗೆ ಹಿಡಿದು ಅತ್ತೆ. ಅವನು ನನ್ನ ತಲೆಯನ್ನು ಎಳೆದು ಹೆಗಲಿಗೆ ಒರಗಿಸಿಕೊಂಡ. ಅವನ ಅಂಗಿಗೆ ಸೋಯಾ ಸಾಸಿನ ವಾಸನೆ ಇತ್ತು, ತೊಳೆದರೂ ಹೋಗದ್ದು.

"ಒಂದು ಕರಾರು ಐತಿ" ಅಂದೆ, ಮೂಗು ಒರೆಸಿಕೊಳ್ಳುತ್ತ. "ಹೋದ್ಸಲ ಅಲ್ಲಿ ಕಾಲಿಟ್ಟಮ್ಯಾಲೆ ನೀನೂ ನನ್ನ ಜೋಡಿ ನೇಪಾಳಿ ಮಾತಾಡಾಕತ್ತಿದ್ದಿ. ನೆನಪೈತೇನು?"

ಅವನಿಗೆ ನೆನಪಿರಲಿಲ್ಲ. ಖುಷಿಯಲ್ಲಿ ಅದು ಅವನ ಗಮನಕ್ಕೇ ಬಂದಿರಲಿಲ್ಲ. ಈಗ ಗೊತ್ತಾದಾಗ ಅವನ ಮುಖ ಇಳಿದುಹೋಯಿತು.

"ದಿನಾ ನನ್ನ ಜೋಡಿ ಕನ್ನಡದಾಗ ಮಾತಾಡಬೇಕು. ಜಗಳಾನೂ ಕನ್ನಡದಾಗನ ಆಗಬೇಕು."

"ಜಗಳ ಮಾಡಾಕ ನನಗ ಅದೊಂದ ಭಾಷಾ ಬರ್ತೈತಿ" ಅಂದ. "ನೀನ ಕಲಿಸಿದ್ದು."

ಚಿಗವ್ವನಿಗೆ ಹೇಳಿದೆವು. ಅವತ್ತಿನಿಂದ ಹೊರಡುವ ದಿನದವರೆಗೂ ಖಾನಾವಳಿಯಲ್ಲಿ ಒಂದು ಪಾತ್ರೆಯೂ ಮೆತ್ತಗೆ ನೆಲ ಮುಟ್ಟಲಿಲ್ಲ. ಮೋತಿಬಿಯೇ ನನ್ನನ್ನು ಮೂಲೆಗೆ ಕರೆದು, "ಸಿಟ್ಟಲ್ಲವಾ ಅದು, ಅಳೂದಕ್ಕ ಬ್ಯಾರೆ ದಾರಿ ಇಲ್ಲ ಆಕಿಗೆ" ಎಂದಳು. ತಾನೇ ಕಡಕ್ ರೊಟ್ಟಿ ಕಟ್ಟಿದಳು, ಶೇಂಗಾ ಚಟ್ನಿ ಕಟ್ಟಿದಳು. ಒಂದು ಚೀಲ ಜೋಳದ ಹಿಟ್ಟನ್ನೂ ಕಟ್ಟಿ, "ಅಲ್ಲಿ ಮಂದಿಗೆ ರೊಟ್ಟಿ ಬಡಿಯೂದು ಕಲಿಸು" ಎಂದಳು.

ಹೊರಡುವ ಮಧ್ಯಾಹ್ನ ಬನಾರಸ್ ರೈಲಿಗೆ ಇನ್ನೂ ಹೊತ್ತಿತ್ತು. ಚಿಗವ್ವ ಮಣೆ ಹಾಕಿದಳು. ನನ್ನ ಹಣೆಗೆ ಕುಂಕುಮ ಹಚ್ಚಿ, ಸೆರಗಿಗೆ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಕ್ಕಿ ಹಾಕಿದಳು. ನಾನು ಒಂದು ಹಿಡಿ ಎತ್ತಿ ಬೋಗುಣಿಗೆ ತಿರುಗಿ ಬಿಟ್ಟೆ. ಹಿಡಿ ಬಿಚ್ಚಲು ಬೆರಳಿಗೆ ಮನಸ್ಸೇ ಬರಲಿಲ್ಲ.

ಏಳಬೇಕು ಅನ್ನುವಷ್ಟರಲ್ಲಿ ಚಿಗವ್ವ, "ನೀ ಆಕಡೆ ಸರಿ" ಅಂದಳು. ಬಾಗಿಲ ಬಳಿ ಬ್ಯಾಗು ಹಿಡಿದು ನಿಂತಿದ್ದವನನ್ನು ನೋಡಿದಳು.

"ಏ, ಬಾ ಇಲ್ಲಿ. ಕುಂಡ್ರು."

"ನಾನ, ಚಿಗವ್ವ?"

"ಮತ್ಯಾರು? ಟವೆಲ್ ಒಡ್ಡು."

ಈ ಸಲ ಯಾರೂ ನಗಲಿಲ್ಲ. ಅವನು ಮಣೆಯ ಮೇಲೆ ಕುಳಿತು ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದ. ಚಿಗವ್ವ ಅವನಿಗೂ ಕುಂಕುಮ ಹಚ್ಚಿದಳು, ಕೊಬ್ಬರಿ ಇಟ್ಟಳು, ಅಕ್ಕಿ ಹಾಕಿದಳು. ಅವನು ಒಂದು ಹಿಡಿ ಎತ್ತಿ ಬೋಗುಣಿಗೆ ಬಿಟ್ಟ. ಆಮೇಲೆ ಇನ್ನೊಂದು ಹಿಡಿ ಬಿಟ್ಟ.

"ಒಂದ ಸಾಕೋ ಹುಚ್ಚಾ, ನಿನಗೂ ಇರ್ಲಿ."

"ಮೊದಲನೇ ಸಲ ಎಲ್ಲಾ ಒಯ್ದಿದ್ನಲ್ಲ, ಚಿಗವ್ವ. ಇದು ಅವತ್ತಿಂದು."

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ವರ್ಷ ಬಹಾದ್ದೂರ, ಅಳಿಯ, ಏ, ಇವುಗಳನ್ನು ಬಿಟ್ಟು ಬೇರೆ ಏನೂ ಕರೆಯದಿದ್ದವಳು ಅವನ ಗದ್ದ ಹಿಡಿದು ಎತ್ತಿದಳು.

"ಖಗೇಂದ್ರಾ, ಪಂಚಮಿಗೆ ಕರಿಯಾಕ ಫೋನ್ ಮಾಡ್ತೀನಿ. ನಿನಗ ಮಾಡ್ತೀನಿ, ಆಕಿಗಲ್ಲ. ನೀ ಬರುವಾಗ ಆಕಿನ್ನ ಕರ್ಕೊಂಡು ಬಾ."

ಅವನು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಣೆಯ ಮೇಲೆ ಕುಳಿತು, ಟವೆಲ್ಲಿನ ಅಕ್ಕಿ ಚೆಲ್ಲದ ಹಾಗೆ ಹಿಡಿದುಕೊಂಡೇ ಅತ್ತ.

ಆಟೋ ತಿರುಗಿದಾಗ ದೂರದಲ್ಲಿ ಕಪ್ಪತಗುಡ್ಡ ಕಂಡಿತು, ಮೇಲೆ ಒಂದು ಮೋಡವೂ ಇರಲಿಲ್ಲ. ನಾನು ಕಾಣುವಷ್ಟು ಹೊತ್ತೂ ನೋಡಿದೆ. ನನ್ನೊಳಗೆ ಏನೋ ಆಗಲೇ ಖಾಲಿಯಾಗತೊಡಗಿತ್ತು, ಇನ್ನು ಅದು ನನ್ನ ಪಾಳಿ. ಖಗೇಂದ್ರ ನನ್ನ ಕೈ ಹಿಡಿದುಕೊಂಡ.

"ಏನ್ ನೋಡಾಕತ್ತಿ?" ಅಂದ, ಕನ್ನಡದಲ್ಲಿ.

"ಬಟ್ಟಿ ಒಣಗ್ಯಾವೇನಂತ" ಅಂದೆ.