ಪಿನಾಂಗಿನ ಬೀಗತನ

ವಿಡಿಯೋ ಕಾಲ್ ಇರುವ ದಿನ ಸಿದ್ಧಾರ್ಥ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ. ಉಳಿದ ದಿನ ಬೆಲ್ಲದ ಪುಡಿ ಮೆತ್ತಿದ ಅಂಗಿಯೇ ಅವನಿಗೆ ಸಾಕಾಗುತ್ತಿತ್ತು. ಕಂಪನಿಯಲ್ಲಿ ಬೇರೆ ಯಾರೂ ಇದನ್ನು ಗಮನಿಸಿರಲಿಲ್ಲ. ಇಂದ್ರಾಣಿ ಗಮನಿಸಿದ್ದಳು. ಗಮನಿಸಿ ಹಲ್ಲು ಕಡಿದಿದ್ದಳು.

ಕಂಪನಿ ಎಂದರೆ ದೊಡ್ಡದೇನಲ್ಲ. ಹುಲ್ಲಹಳ್ಳಿ, ದೇವನೂರು, ತಿ. ನರಸೀಪುರ ಸುತ್ತಿನ ಕಬ್ಬು ಬೆಳೆಗಾರರು ಸೇರಿ ಕಟ್ಟಿಕೊಂಡ ಬೆಲ್ಲದ ಕಂಪನಿ. ಆಫೀಸು ತಿ. ನರಸೀಪುರದ ಮಾರ್ಕೆಟ್ಟಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ. ಇಂದ್ರಾಣಿ ಹುಲ್ಲಹಳ್ಳಿಯ ಆಲೆಮನೆ ನೋಡಿಕೊಳ್ಳುವ ಡೈರೆಕ್ಟರು. ಮೂವತ್ತಾರು ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಸಿದ್ಧಾರ್ಥ ದೇವನೂರಿನವನು, ಮೈಸೂರಿನ ರಫ್ತು ಕಂಪನಿಯೊಂದರಲ್ಲಿ ಕೆಲಸ ಕಲಿತು ಬಂದು ಇಲ್ಲಿ ಮ್ಯಾನೇಜರಾದವನು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಸಂಜೆ ಬಸ್ಸಿನಲ್ಲಿ ನಂಜನಗೂಡಿನ ತನಕ ಒಂದೇ ಸೀಟಿನಲ್ಲಿ ಕೂತು ಪಾಕದ ಹದ, ಲಾರಿ, ಮಳೆ ಎಂದು ಮಾತಾಡುತ್ತಿದ್ದರು. ಅವಳ ಬ್ಯಾಗು ಇಬ್ಬರ ನಡುವೆ ಇರುತ್ತಿತ್ತು. ಅದನ್ನು ಯಾರು ತೆಗೆದು ಕಾಲ ಬಳಿ ಇಡಬೇಕು ಎನ್ನುವುದು ಇನ್ನೂ ಇತ್ಯರ್ಥವಾಗಿರಲಿಲ್ಲ.

ಕಂಪ್ಯೂಟರಿನಲ್ಲಿ ಬರುತ್ತಿದ್ದವಳು ದೇವಕಿ. ಮಲೇಷ್ಯಾದ ಪಿನಾಂಗಿನ ತಮಿಳು ಹೆಣ್ಣುಮಗಳು, ಅಪ್ಪನ ಕಾಲದ ದಿನಸಿ ಅಂಗಡಿಗಳನ್ನು ತಾನೇ ನಡೆಸುವವಳು. ಕಳಿಸಿದ್ದ ಸ್ಯಾಂಪಲ್ ಬೆಲ್ಲ ಅವಳಿಗೆ ಹಿಡಿಸಿತ್ತು.

“ಉಂಗ ವೆಲ್ಲಂ ಸೂಪರ್, ಸಿದ್” ಎಂದು ತಮಿಳಿನಲ್ಲೇ ಬೆಲ್ಲ ಹೊಗಳಿದಳು ಒಂದು ದಿನ.

ಸಿದ್. ಇಂದ್ರಾಣಿಗೆ ಮೈಯೆಲ್ಲ ಉರಿಯಿತು. ತಾನು ಇಷ್ಟು ದಿನ ಬಾಯಿ ತುಂಬ ‘ಸಿದ್ಧಾರ್ಥ್ ಅವ್ರೇ’ ಎಂದು ಕರೆದದ್ದು ಯಾವ ಸುಖಕ್ಕೆ? ಸಮುದ್ರದಾಚೆಯವಳು ಅರ್ಧ ಹೆಸರು ಮುರಿದು ಬಾಯಿಗೆ ಹಾಕಿಕೊಂಡಳು.

ಕಾಲ್ ಮುಗಿದ ಮೇಲೆ ಇಂದ್ರಾಣಿ ಕೇಳಿದಳು, “ಅದ್ಯಾಕೆ ಅಷ್ಟು ನಗ್ತಿದ್ರಿ?”

“ಜೋಕ್ ಮಾಡಿದ್ರು ಕಣ್ರೀ.”

“ಬೆಲ್ಲದಲ್ಲಿ ಏನ್ ಜೋಕು?”

“ನಿಮಗೆ ಹೇಳಿದ್ರೆ ನಗಲ್ಲ, ಬುಡಿ.” ಹಾಗೆಂದು ಅವನು ಓರೆಗಣ್ಣಿನಲ್ಲಿ ಅವಳನ್ನು ನೋಡಿದ. ಅವಳು ಸಿಟ್ಟಾದಾಗ ಎಡಗೆನ್ನೆಯ ಗುಳಿ ಇನ್ನೂ ಆಳವಾಗುವುದು ಅವನಿಗೆ ಗೊತ್ತಿತ್ತು. ಅದನ್ನು ನೋಡಲೆಂದೇ ಎಷ್ಟೋ ಸಲ ಕೆಣಕುತ್ತಿದ್ದ. ಈ ಪೆದ್ದಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಆ ವಾರವೇ ಬೋರ್ಡ್ ಮೀಟಿಂಗ್. ಹೊರದೇಶದ ಮಾರ್ಕೆಟ್ಟಿಗೆ ಹೋಗಲು ಮೂರು ದಾರಿ ಇವೆ ಎಂದು ಸಿದ್ಧಾರ್ಥ ಬಿಡಿಸಿ ಹೇಳಿದ. ಬಂದರಿನ ಏಜೆಂಟನಿಗೆ ಮಾಲು ಕೊಟ್ಟು ಕೈ ತೊಳೆದುಕೊಳ್ಳುವುದು ಒಂದು. ದೇವಕಿಯ ಜೊತೆ ಪಾಲುದಾರರಾಗಿ ಜಾಯಿಂಟ್ ವೆಂಚರ್ ಮಾಡುವುದು ಇನ್ನೊಂದು. ಪಿನಾಂಗಿನಲ್ಲಿ ನಮ್ಮದೇ ಅಂಗಡಿ ತೆರೆಯುವುದು ಮೂರನೆಯದು.

ಅಧ್ಯಕ್ಷ ಮಾರಯ್ಯ ತಲೆ ಕೆರೆದುಕೊಂಡರು. “ಅಂದ್ರೆ, ಮೊದಲ್ನೇದು ದಲ್ಲಾಳಿ ಮಾತು ಕೇಳ್ಕೊಂಡು ಎಣ್ಣು ಕೊಟ್ಟಂಗೆ. ಎರಡ್ನೇದು ಬೀಗತನ. ಮೂರ್ನೇದು ಊರು ಬುಟ್ಟು ಓಗಿ ಬೇರೆ ಒಲೆ ಊಡಿದಂಗೆ. ಅಲ್ವೇನಪ್ಪಾ?”

“ಅಷ್ಟೇ ಸಾ. ನನ್ನ ಕೇಳಿದ್ರೆ ದೇವಕಿಯವ್ರ ಜೊತೆ ಬೀಗತನಾನೇ ಒಳ್ಳೇದು.”

ದೇವಕಿ, ಬೀಗತನ. ಈ ಎರಡು ಮಾತು ಅವನ ಬಾಯಿಂದ ಒಟ್ಟಿಗೆ ಬಂದದ್ದೇ ತಡ, ಇಂದ್ರಾಣಿ ಎದ್ದು ನಿಂತಳು.

ಹೊಟ್ಟೆಕಿಚ್ಚಿಗೆ ಬುದ್ಧಿ ಇಲ್ಲ ಎನ್ನುವವರು ಹೊಟ್ಟೆ ಉರಿದು ನೋಡದವರು. ಅವತ್ತು ಅವಳಿಗೆ ಹೊಳೆದಂಥ ಮಾತು ಯಾವ ಲಾಯರಿಗೂ ಹೊಳೆಯುತ್ತಿರಲಿಲ್ಲ. “ನಮ್ಮ ಬೆಲ್ಲಕ್ಕೆ ಅವಳ ಅಂಗಡಿ ಹೆಸರು ಅಂಟಿಸಿದ್ರೆ, ನಾಳೆ ಬೇರೆ ಕಡೆ ಅಗ್ಗಕ್ಕೆ ಸಿಕ್ಕಿದ್ದನ್ನ ಅದೇ ಚೀಲಕ್ಕೆ ತುಂಬ್ತಾಳೆ. ಗಿರಾಕಿ ಯಾರು, ಏನ್ ಕೇಳ್ತಾನೆ, ಒಂದೂ ನಮಗೆ ಗೊತ್ತಾಗಲ್ಲ. ಕಬ್ಬು ಅರೆಯೋರು ನಾವು, ಹೆಸರು ಅವಳಿಗೆ. ನಮ್ಮದೇ ಅಂಗಡಿ ಇರ್ಲಿ. ಆ ಹೆಂಗ್ಸಿನ ಹಂಗೇ ಬೇಡ.”

ಡೈರೆಕ್ಟರುಗಳು ತಲೆದೂಗಿದರು. ಎಲ್ಲರ ಕೈ ಮೇಲೆದ್ದಿತು. ಇಂದ್ರಾಣಿ ಗೆದ್ದು ಕೂತಳು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮಾರಯ್ಯ ಕೇಳಿದರು, “ಅಂಗಾರೆ ಅಲ್ಲಿಗೆ ಓಗೋರು ಯಾರು?”

“ಇನ್ಯಾರು, ಸಿದ್ದಾರ್ತನೇಯ” ಎಂದರು ಹಿರಿಯ ಡೈರೆಕ್ಟರು ಮಂಗಳಮ್ಮ. “ತಮಿಳು ಬತ್ತದೆ. ಎಂಡ್ರು ಮಕ್ಳ ತಾಪತ್ರಯ ಇಲ್ಲ. ಎರಡು ವರ್ಸ ಇದ್ದು ನೆಲೆ ಮಾಡ್ಕೊಡ್ಲಿ.”

ದೇವಕಿಯಿಂದ ಇವನನ್ನು ಬಿಡಿಸಲು ಹೋಗಿ, ಇಂದ್ರಾಣಿ ಇವನನ್ನೇ ಅವಳ ಊರಿಗೆ ಮೂಟೆ ಕಟ್ಟಿದ್ದಳು.

ಸಿದ್ಧಾರ್ಥ ಅವಳ ಕಡೆಯೇ ನೋಡುತ್ತಿದ್ದ. ತುಂಬ ಹೊತ್ತು ನೋಡಿದ. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು.

“ಬೋರ್ಡ್ ಹೇಳಿದ್ರೆ ಹೋಯ್ತೀನಿ ಸಾ” ಎಂದ.

ನಾಲ್ಕಾರು ದಿನ ಬಸ್ಸಿನಲ್ಲಿ ಮಾತಿಲ್ಲ. ಆಮೇಲೊಂದು ಸಂಜೆ ಅವನೇ ಶುರು ಮಾಡಿದ.

“ದೇವಕಿಯವ್ರಿಗೆ ಫೋನ್ ಮಾಡಿದ್ದೆ. ಪಾಲುದಾರಿಕೆ ಆಗಲಿಲ್ಲ ಅಂದೆ. ಬೇಜಾರೇನೂ ಮಾಡ್ಕೊಳ್ಳಲಿಲ್ಲ. ಅವ್ರ ಮನೆ ಮಹಡಿ ಖಾಲಿ ಐತಂತೆ, ಬಂದು ಇರಿ ಅಂದ್ರು.”

“ಮಹಡಿ.”

“ಗಾಳಿ ಚೆನ್ನಾಗಿ ಬತ್ತದಂತೆ.”

“ಗಾಳಿ.”

“ಸಮುದ್ರಾನೂ ಕಾಣ್ತದಂತೆ.”

“ಹೋಗಿ ಬಿದ್ಕೊಳ್ಳಿ ಆ ಸಮುದ್ರಕ್ಕೆ” ಎಂದಳು ಇಂದ್ರಾಣಿ. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ.

ಸಿದ್ಧಾರ್ಥ ಈ ಸಲ ನಗಲಿಲ್ಲ. ಕಿಟಕಿಯ ಆಚೆ ಭತ್ತದ ಗದ್ದೆ ನೋಡುತ್ತ ಮೆಲ್ಲಗೆ ಹೇಳಿದ, “ಸ್ವಂತ ಅಂಗಡಿ ಅಂದ್ರೆ ನಾನೇ ಹೋಗಬೇಕಾಯ್ತದೆ ಅಂತ ನಿಮಗೆ ಗೊತ್ತಿರಲಿಲ್ವಾ? ಅಷ್ಟು ಜೋರಾಗಿ ಎದ್ದು ಮಾತಾಡಿದ್ರಿ. ನನ್ನ ದೂರ ಕಳಿಸೋ ಆಸೆ ಇವ್ರಿಗೆ ಅಂದ್ಕೊಂಡೆ. ಅದಕ್ಕೇ ಹ್ಞೂಂ ಅಂದೆ.”

ಅವಳು ನಡುವಿನ ಬ್ಯಾಗಿಗೆ ಕೈ ಹಾಕಿದಳು. ಅಷ್ಟರಲ್ಲಿ ನಂಜನಗೂಡು ಬಂತು. ಅವನು ಇಳಿದು ದೇವನೂರಿನ ಬಸ್ಸಿನ ಕಡೆ ನಡೆದ. ಅವನ ಭುಜ ಬಾಗಿದ್ದನ್ನು ಅವಳು ಮೊದಲ ಸಲ ನೋಡಿದಳು.

ಮಾರನೆಯ ದಿನ ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಪಾಕ ಸೀದುಹೋಯಿತು. “ಅಕ್ಕಾ, ನೀವು ಮುಂದೆ ನಿಂತಿದ್ದೂ ಇಂಗಾದ್ರೆ ಎಂಗೆ?” ಎಂದ ಒಲೆ ಉರಿಸುವ ಮಾದಯ್ಯ.

“ಮುಚ್ಕೊಂಡು ಉರಿ ಕಮ್ಮಿ ಮಾಡು” ಎಂದಳು. ಹಾಗೆಂದವಳು ಅಲ್ಲೇ ಕಬ್ಬಿನ ಹೊರೆಯ ಮೇಲೆ ಕುಸಿದು ಕೂತಳು.

ಮುಂದಿನ ಮೀಟಿಂಗಿನಲ್ಲಿ ಬೇರೆಯವರು ಬಾಯಿ ತೆಗೆಯುವ ಮೊದಲೇ ಅವಳು ಎದ್ದಳು. “ಅವತ್ತು ನಾನು ಹೇಳಿದ್ದು ತಪ್ಪು. ಆ ಊರಿನ ನಾಲಿಗೆ ರುಚಿ, ಕಾನೂನು, ಕಟ್ಟಳೆ ನಮಗೇನ್ ಗೊತ್ತು? ಗೊತ್ತಿರೋರ ಜೊತೆ ಸೇರೋದೇ ಸರಿ, ಇಲ್ಲಿಂದ ಯಾರೂ ಹೋಗಿ ಇರೋದು ಬೇಡ. ಚೀಲದ ಮೇಲೆ ನಮ್ಮ ಹೆಸರೇ ಇರಬೇಕು ಅಂತ ಕರಾರು ಮಾಡ್ಕೊಳ್ಳಾಣ. ದೇವಕಿ ಜೊತೆ ಬೀಗತನಾನೇ ಆಗ್ಲಿ.”

ಮಾರಯ್ಯ ಕನ್ನಡಕ ತೆಗೆದರು. “ಲೇ ಇಂದ್ರಾಣಿ, ಬಾಯಿ ಬಡ್ಕಂಡು ಬ್ಯಾಡ ಅಂದೋಳು ನೀನೇಯ. ಕರಾರಿನ ವಿಚಾರ ಅವತ್ತೂ ನಿಂಗೆ ಗೊತ್ತಿತ್ತು. ದಿನಕ್ಕೊಂದು ಮಾತಾಡಿದ್ರೆ ಕಂಪನಿ ನಡೆದದಾ? ನಿಜ ಏಳು.”

ಇಂದ್ರಾಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿದಳು.

“ಅವತ್ತು ಮಾತಾಡಿದ್ದು ನನ್ನ ಹೊಟ್ಟೆಕಿಚ್ಚು. ಆ ಹೆಂಗ್ಸಿನ ಜೊತೆ ಇವ್ರು ನಗೋದು ನೋಡಾಕೆ ಆಗಲಿಲ್ಲ. ಈಗ ಅವಳ ಮನೆ ಮಹಡಿ ಮೇಲೆ ಎರಡು ವರ್ಷ ಇರ್ತಾರೆ ಅಂದ್ರೆ ಅದೂ ಆಗಲ್ಲ. ಇವ್ರನ್ನ ಬಿಟ್ಟಿರಾಕೆ ನನ್ನ ಕೈಲಿ ಆಗಲ್ಲ. ಸಾಕಾ?”

ಮಂಗಳಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಅಯ್ಯೋ ನಮ್ಮವ್ವ, ಇಷ್ಟು ಏಳಾಕೆ ನಮ್ಮ ಕಂಪನೀನೆಲ್ಲ ಮಲೇಶಿಯಾಕ್ಕೆ ಒತ್ಕೊಂಡು ಓಗಬೇಕಾಗಿತ್ತಾ?”

ಬೀಗತನಕ್ಕೆ ಎಲ್ಲರ ಕೈ ಎದ್ದಿತು. ಅದನ್ನು ನೋಡಲು ಇಂದ್ರಾಣಿ ಅಲ್ಲಿರಲಿಲ್ಲ. ಮೆಟ್ಟಿಲಿಳಿದು ಗೊಬ್ಬರದ ಅಂಗಡಿಯ ಮುಂದೆ ನಿಂತಿದ್ದಳು. ಸಿದ್ಧಾರ್ಥ ಓಡಿ ಬಂದ. ಅವನ ಕಣ್ಣು ಕೆಂಪಗಿತ್ತು.

“ಇಷ್ಟು ದಿನ ನನಗೇ ಹೇಳಬಹುದಿತ್ತಲ್ಲ?”

“ನೀವು ಹೇಳಬಹುದಿತ್ತಲ್ಲ. ಬಾಯಿರಲಿಲ್ವಾ?”

“ಭಯ. ನೀವು ಬೈದು ಕಳಿಸ್ತೀರಿ ಅಂತ.”

“ಈಗ?”

“ಈಗಲೂ ಭಯಾನೇ. ಆದ್ರೂ ಹೇಳ್ತೀನಿ. ನಿಮ್ಮನ್ನ ಬಿಟ್ಟು ನನಗೆ ಯಾವ ಊರೂ ಬೇಡ.” ಅವನು ಅವಳ ಕೈ ಹಿಡಿದ. ಮಾರ್ಕೆಟ್ಟಿನ ಅರ್ಧ ಜನ ನೋಡುತ್ತಿದ್ದರು. ಅವಳು ಬಿಡಿಸಿಕೊಳ್ಳಲಿಲ್ಲ.

“ಸೋಮವಾರ ದೇವಕಿಯವ್ರ ಕಾಲ್ ಐತೆ” ಎಂದ, ಅಂಜುತ್ತಲೇ.

“ನಾನೂ ಪಕ್ಕದಲ್ಲಿ ಕೂತ್ಕೋತೀನಿ.”

“ಅವ್ರು ಜೋಕ್ ಮಾಡಿದ್ರೆ?”

ಇಂದ್ರಾಣಿ ಸ್ವಲ್ಪ ಯೋಚಿಸಿದಳು. ಹೊಟ್ಟೆಯಲ್ಲಿ ಅದೇ ಉರಿ ಮತ್ತೆ ಎದ್ದಿತು. ಅದು ಅಷ್ಟು ಬೇಗ ಆರುವ ಜಾತಿಯದಲ್ಲ.

“ನಗು” ಎಂದಳು, ಮೊದಲ ಸಲ ಏಕವಚನದಲ್ಲಿ. “ನನ್ನ ಮುಖ ನೋಡ್ಕೊಂಡು ನಗು.”